ಥರ್ಮೋಸ್ಟಾಟ್ ಕಿತ್ತು ಓಡಿಸಬೇಡಿ, ಹೊಸದು ಹಾಕಿ: ಮನೆ ಮುಂದೆಯೇ ಮಾಡುವ ಬಗೆ

ನನ್ನ ಲಾರಿ ಒಂದು ವರ್ಷದ ಹತ್ತಿರ ಥರ್ಮೋಸ್ಟಾಟ್ (ಎಂಜಿನ್ನಿನ ನೀರು ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ವಾಲ್) ಇಲ್ಲದೇ ಓಡಿತು. ಓಡಿಸಿದವನು ನಾನೇ. ಅದರಿಂದ ಎಂಜಿನ್ನಿಗೆ ಎಂಥ ಪೆಟ್ಟು ಬೀಳುತ್ತಿತ್ತು ಅಂತ ತಿಳಿದ ಮೇಲೆ, ಗಾಡಿ ಇಟ್ಟುಕೊಂಡ ನಮ್ಮ ಜನ ಯಾರು ಸಿಕ್ಕರೂ ಈ ಮಾತು ಹೇಳದೇ ಬಿಡುವುದಿಲ್ಲ: ಅದನ್ನು ಕಿತ್ತು ಬಿಸಾಡಿ ಓಡಿಸಬೇಡಿ, ಕೆಟ್ಟಿದ್ದರೆ ಹೊಸದು ಹಾಕಿ. ಅರ್ಧ ದಿನದ ಕೆಲಸ. ಮನೆಯ ಮುಂದೆ ಗಾಡಿ ನಿಲ್ಲಿಸುವಷ್ಟು ಜಾಗ, ಒಂದು ಪಾನಾ ಸೆಟ್ಟು, ಸಮಾಧಾನ ಇದ್ದರೆ ಸಾಕು.

ನಾನು ಸವದತ್ತಿ ತಾಲೂಕಿನವನು. ಗೋವಾಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಮನೆ ಜುವಾರಿನಗರದಲ್ಲಿ, ಇಲ್ಲಿಯವರು ಬಿರ್ಲಾ ಅಂತಲೇ ಕರೆಯುತ್ತಾರೆ. ಗಾಡಿ 2011ರ ಟಾಟಾ 1613, ಕಮ್ಮಿನ್ಸ್ ಎಂಜಿನ್, ಆರು ಸಿಲಿಂಡರ್, 5.9 ಲೀಟರ್. ಗೊಬ್ಬರದ ಕಾರ್ಖಾನೆ ಪಕ್ಕದಲ್ಲೇ ಇರುವುದರಿಂದ ಇಲ್ಲಿಂದ ಯೂರಿಯಾ ತುಂಬಿಕೊಂಡು ಧಾರವಾಡ ಕಡೆ ಹೋಗುತ್ತೇನೆ, ಬರುವಾಗ ಬೆಳಗಾವಿಯಿಂದ ಕಾಯಿಪಲ್ಲೆ ತರುತ್ತೇನೆ. ಈಗ ಯೂರಿಯಾ ಚೀಲ 45 ಕೆಜಿಯದು. 220 ಚೀಲ ಹಾಕಿದರೆ ಹತ್ತು ಟನ್ನಿಗೆ ನೂರು ಕೆಜಿ ಕಮ್ಮಿ. ಬೋರಿ ಸೇತುವೆ ದಾಟಿ, ಫೋಂಡಾ, ಉಸಗಾಂವ, ಧಾರಬಾಂದೋಡಾ, ಮೊಲ್ಲೆಂ. ಅಲ್ಲಿಂದ ಅನಮೋಡ ಘಾಟು. ಈ ದಂಧೆಯಲ್ಲಿ ತುಂಬಿದ ಗಾಡಿ ಏರಬೇಕು, ಹಗುರಾದ ಕಾಯಿಪಲ್ಲೆ ಇಳಿಯಬೇಕು. ಎಂಜಿನ್ನಿನ ಖರೇ ಪರೀಕ್ಷೆ ಆ ಏರಿನಲ್ಲೇ.

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡರ ಬಿಸಿಲು. ಘಾಟಿನ ನಡುವೆ ದೂಧಸಾಗರ ದೇವಸ್ಥಾನ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಮುಟ್ಟಿತು. ಬದಿಗೆ ಹಾಕಿ ನಿಲ್ಲಿಸಿದೆ. ಅರ್ಧ ತಾಸು ತಣ್ಣಗಾಗಲು ಬಿಟ್ಟು, ಮೆಲ್ಲಗೆ ತಿರುಗಿಸಿಕೊಂಡು ಕೆಳಗೆ ಇಳಿದು ಒಂದು ಗ್ಯಾರೇಜಿಗೆ ಬಂದೆ. ಅಲ್ಲಿಯ ಮಿಸ್ತ್ರಿ ನೋಡಿದವನೇ ಥರ್ಮೋಸ್ಟಾಟ್ ಬಿಚ್ಚಿ ತೆಗೆದ. ‘ಇದು ಚಳಿ ದೇಶದ ಸಾಮಾನು. ಗೋವಾ ಬಿಸಿಲಿಗೆ ಇದರ ಜರೂರಿ ಇಲ್ಲ. ನೀರು ಆರಾಮ ಹರಿಯಲಿ’ ಅಂದ. ಅದೇ ಹೊತ್ತಿಗೆ ಅವನ ಹುಡುಗ ರೇಡಿಯೇಟರಿಗೆ ಪ್ರೆಶರ್ ನೀರು ಹೊಡೆದು ತೊಳೆದ. ಅದಿರಿನ ಕೆಂಪು ಧೂಳು, ಗೊಬ್ಬರದ ಪುಡಿ, ಸತ್ತ ಹುಳ ಎಲ್ಲ ಕೆಸರಾಗಿ ಸುರಿಯಿತು. ಸಂಜೆ ಘಾಟು ಏರಿದೆ, ಬಿಸಿ ಆಗಲಿಲ್ಲ. ನಾನು ಮಿಸ್ತ್ರಿಯ ಮಾತು ಖರೇ ಅಂದುಕೊಂಡೆ. ಗಾಡಿಯನ್ನು ಉಳಿಸಿದ್ದು ಆ ಹುಡುಗ ಹೊಡೆದ ನೀರು ಅನ್ನುವುದು ಹೊಳೆಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಮಳೆಗಾಲ ಬಂತು. ಮುಳ್ಳು ಕೆಳಗಿನ ಗೆರೆ ಬಿಟ್ಟು ಏಳುವುದೇ ಇಲ್ಲ. ಮುಂಜಾನೆ ಸ್ಟಾರ್ಟ್ ಮಾಡಿದರೆ ಓಣಿ ತುಂಬ ಬಿಳಿ ಹೊಗೆ, ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ. ಎದುರಿನ ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಲೀಟರಿಗೆ ನಾಲ್ಕೂವರೆ ಕೊಡುತ್ತಿದ್ದ ಗಾಡಿ ನಾಲ್ಕಕ್ಕೆ ಬಂತು. ಡಿಪ್‌ಸ್ಟಿಕ್ ತೆಗೆದು ಮೂಸಿದರೆ ಎಂಜಿನ್ ಆಯಿಲ್‌ಗೂ ಡೀಸೆಲ್ ವಾಸನೆ, ಬೆರಳಲ್ಲಿ ತಿಕ್ಕಿದರೆ ತೆಳ್ಳಗೆ. ಎಂಜಿನ್ ತಣ್ಣಗೇ ಇದ್ದರೆ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಸುಡುವುದಿಲ್ಲ. ಸುಡದೇ ಉಳಿದದ್ದು ಗೋಡೆಗುಂಟ ಇಳಿದು, ಅಲ್ಲಿಯ ಆಯಿಲ್ ಪದರ ತೊಳೆದು, ಕೆಳಗಿನ ಆಯಿಲ್ ಚೇಂಬರಿಗೆ ಸೇರುತ್ತದೆ. ಪಿಸ್ಟನ್ ರಿಂಗು ಒಣಗೋಡೆಗೆ ಉಜ್ಜುತ್ತದೆ. ಅಷ್ಟಲ್ಲದೇ ಸುಟ್ಟ ಹೊಗೆಯಲ್ಲಿನ ನೀರಾವಿ ತಣ್ಣನೆ ಎಂಜಿನ್ನಿನಲ್ಲಿ ಇಬ್ಬನಿಯ ಹಾಗೆ ಕೂತು, ಡೀಸೆಲ್ಲಿನ ಗಂಧಕದ ಜೊತೆ ಸೇರಿ ಆಮ್ಲ ಆಗುತ್ತದೆ. ಒಳಗಿನ ಲೋಹವನ್ನು ಅದು ಸಾವಕಾಶ ತಿನ್ನುತ್ತದೆ. ಬಿಸಿಯಾದ ಎಂಜಿನ್ ರಸ್ತೆಯಲ್ಲೇ ನಿಲ್ಲಿಸಿ ಎಚ್ಚರಿಸುತ್ತದೆ, ತಣ್ಣಗಿರುವ ಎಂಜಿನ್ ಸದ್ದಿಲ್ಲದೇ ಸವೆಯುತ್ತದೆ.

ಮುಂದಿನ ಮಾರ್ಚಿನಲ್ಲಿ ಅದೇ ಘಾಟು, ಅದೇ ಹತ್ತು ಟನ್. ಥರ್ಮೋಸ್ಟಾಟ್ ಇಲ್ಲದ ಗಾಡಿ ಮತ್ತೆ ಕುದಿಯಿತು! ವರ್ಷವಿಡೀ ತಣ್ಣಗಿದ್ದ ಎಂಜಿನ್ ಏರಿನಲ್ಲಿ ಹೇಗೆ ಕುದಿಯುತ್ತದೆ? ನಿಂತು ನಿಂತು ರಾಮನಗರ ಮುಟ್ಟಿದೆ. ಅಲ್ಲಿ ಒಬ್ಬ ಹಿರಿಯ ಮಿಸ್ತ್ರಿ, ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪು) ಮುಟ್ಟಿ ನೋಡಿ, ‘ಒಳಗ ವಾಲ್ ಐತೇನು?’ ಅಂದರು. ಇಲ್ಲ ಅಂದೆ. ‘ಅದಕ್ಕ ನೀರು ಅಡ್ಡದಾರಿ ಹಿಡದೈತಿ’ ಅಂದರು.

ನಾನು ಒಕ್ಕಲುತನದ ಮನೆಯವನು. ಮಲಪ್ರಭಾ ಕಾಲುವೆ ನೀರು ಹಾಯಿಸುತ್ತ ಬೆಳೆದೆ. ಅವರು ಹೇಳಿದ್ದು ನನಗೆ ಹೊಲದ ಲೆಕ್ಕದಲ್ಲೇ ತಿಳಿಯಿತು. ಹೊಲದಲ್ಲಿ ಎರಡು ಕಾಲುವೆ ಅಂದುಕೊಳ್ಳಿ. ಒಂದು ಹತ್ತಿರದ್ದು, ತಗ್ಗಿನದು. ಇನ್ನೊಂದು ದೂರದ್ದು, ಇಕ್ಕಟ್ಟಿನದು. ಎರಡರ ಬಾಯಿಯನ್ನೂ ತೆರೆದಿಟ್ಟು ಮನೆಗೆ ಬಂದರೆ ನೀರೆಲ್ಲ ತಗ್ಗಿಗೇ ಹೋಗುತ್ತದೆ, ದೂರದ ಮಡಿ ಒಣಗುತ್ತದೆ. ಅದಕ್ಕೇ ಗುದ್ದಲಿ ಹಿಡಿದವನು ಒಂದು ಬಾಯಿಗೆ ಮಣ್ಣೆಳೆದು ಇನ್ನೊಂದು ಬಾಯಿ ಬಿಡಿಸುತ್ತಾನೆ. ಥರ್ಮೋಸ್ಟಾಟ್ ಅಂದರೆ ಆ ಗುದ್ದಲಿಯವನು. ಎಂಜಿನ್ ಹೆಡ್ಡಿನಿಂದ ಹೊರಟ ಬಿಸಿನೀರಿಗೆ ಎರಡು ದಾರಿ. ಬೈಪಾಸಿನಿಂದ ನೇರ ವಾಟರ್ ಪಂಪಿಗೆ ವಾಪಸ್ ಹೋಗುವ ಹತ್ತಿರದ ದಾರಿ ಒಂದು, ಮೇಲಿನ ಹೋಸಿನಿಂದ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುವ ದೂರದ ದಾರಿ ಇನ್ನೊಂದು. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ ದೂರದ ದಾರಿ ಮುಚ್ಚಿರುತ್ತದೆ, ನೀರು ಬೈಪಾಸಿನಲ್ಲೇ ಸುತ್ತಿ ಬೇಗ ಬಿಸಿ ಆಗುತ್ತದೆ. 83 ಡಿಗ್ರಿಗೆ ಅದು ತೆರೆಯಲು ಶುರು ಮಾಡುತ್ತದೆ. ಅದರ ಕೆಳಗಿರುವ ಇನ್ನೊಂದು ಬಿಲ್ಲೆ ಅದೇ ಹೊತ್ತಿಗೆ ಬೈಪಾಸಿನ ಬಾಯಿ ಮುಚ್ಚುತ್ತ ಹೋಗುತ್ತದೆ. 95ರ ಹತ್ತಿರ ಪೂರ್ತಿ ತೆರೆದಾಗ ನೀರೆಲ್ಲ ರೇಡಿಯೇಟರಿಗೇ ಹೋಗಬೇಕು. ಇದಕ್ಕೆ ಕರೆಂಟಿಲ್ಲ, ವೈರಿಲ್ಲ. ಸಣ್ಣ ಲೋಹದ ಬಟ್ಟಲಿನಲ್ಲಿ ಮೇಣ ಇರುತ್ತದೆ. ಅದು ಕರಗಿ ಹಿಗ್ಗಿದಾಗ ಕಡ್ಡಿಯನ್ನು ನೂಕುತ್ತದೆ, ತಣ್ಣಗಾದಾಗ ಸ್ಪ್ರಿಂಗು ವಾಪಸ್ ಎಳೆಯುತ್ತದೆ.

ಅದನ್ನು ಕಿತ್ತರೆ ಎರಡೂ ಬಾಯಿ ಬಿಟ್ಟ ಹಾಗೆ. ಸಪಾಟು ರಸ್ತೆಯಲ್ಲಿ, ಮಳೆಯಲ್ಲಿ, ರೇಡಿಯೇಟರಿಗೆ ಹೋಗುವ ಸ್ವಲ್ಪ ನೀರೇ ಎಂಜಿನ್ನನ್ನು ಅತಿ ತಣ್ಣಗೆ ಮಾಡಲು ಸಾಕಾಗುತ್ತದೆ. ಹತ್ತು ಟನ್ ಹೊತ್ತು ಎರಡನೇ ಗೇರಿನಲ್ಲಿ ಏರುವಾಗ ಎಲ್ಲ ನೀರೂ ರೇಡಿಯೇಟರಿಗೆ ಬೇಕು, ಆಗ ಒಂದಷ್ಟು ನೀರು ಬಿಸಿಬಿಸಿಯಾಗೇ ವಾಪಸ್ ಎಂಜಿನ್ನಿಗೆ ಬರುತ್ತದೆ. ಒಂದೇ ತಪ್ಪಿನಿಂದ ನನ್ನ ಗಾಡಿ ಮಳೆಯಲ್ಲಿ ನಡುಗಿದ್ದು, ಘಾಟಿನಲ್ಲಿ ಕುದಿದದ್ದು. ಎಲ್ಲ ಎಂಜಿನ್ನಿನಲ್ಲೂ ಬೈಪಾಸ್ ಹೀಗೇ ಇರುವುದಿಲ್ಲ. ಆದರೆ ತಣ್ಣಗಿದ್ದು ಸವೆಯುವ ಕೇಡು ಯಾವ ಡೀಸೆಲ್ ಎಂಜಿನ್ನಿಗೂ ತಪ್ಪಿದ್ದಲ್ಲ.

ಈಗ ಕೆಲಸಕ್ಕೆ ಬರೋಣ. ಗಾಡಿ ಬಿಸಿ ಆಯಿತು ಅಂದ ಕೂಡಲೇ ಥರ್ಮೋಸ್ಟಾಟಿಗೆ ಕೈ ಹಾಕಬೇಡಿ. ಮೊದಲು ನೀರಿನ ಮಟ್ಟ ನೋಡಿ. ರೇಡಿಯೇಟರ್ ಕ್ಯಾಪಿನ ರಬ್ಬರು ಬಿರುಕು ಬಿಟ್ಟಿದೆಯೇ ನೋಡಿ. ಒತ್ತಡ ಹಿಡಿದಿಟ್ಟುಕೊಳ್ಳುವ ಕ್ಯಾಪು ಸರಿ ಇದ್ದರೆ ಮಾತ್ರ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬೆಲ್ಟ್ ಜಾರುತ್ತಿದೆಯೇ ನೋಡಿ. ರೇಡಿಯೇಟರಿನ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ಇಣುಕಿ, ಜಾಲರಿಯಿಂದ ಬೆಳಕು ತೂರಿ ಬರಬೇಕು. ಬರದಿದ್ದರೆ ಮೊದಲು ತೊಳೆಯಿರಿ. ಫೋಂಡಾ ದಾಟಿ ಅದಿರಿನ ರಸ್ತೆಯಲ್ಲಿ ಓಡಾಡುವ ಗಾಡಿಗಳಿಗಂತೂ ಇದೇ ಮೊದಲ ಮದ್ದು.

ಇವೆಲ್ಲ ಸರಿ ಇದ್ದರೆ ಹೋಸ್ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿಯನ್ನು ಮುಂಜಾನೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮೇಲೆ ಕೈ ಇಡಿ. ಫ್ಯಾನ್ ಹತ್ತಿರವೇ ತಿರುಗುತ್ತಿರುತ್ತದೆ, ತೋಳಿನ ಗುಂಡಿ ಹಾಕಿಕೊಳ್ಳಿ, ಕೊರಳಲ್ಲಿ ಟವೆಲ್ ಇರಬಾರದು. ಥರ್ಮೋಸ್ಟಾಟ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗಿದ್ದು, ಮುಳ್ಳು ಏರಿದ ಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಸುಡುತ್ತದೆ. ಶುರುವಿನಿಂದಲೇ ಸಾವಕಾಶ ಬೆಚ್ಚಗಾಗುತ್ತ ಬಂದರೆ ಅದು ತೆರೆದೇ ನಿಂತಿದೆ, ಇಲ್ಲವೇ ಒಳಗೆ ಇಲ್ಲವೇ ಇಲ್ಲ. ಮುಳ್ಳು ಕೆಂಪಿನ ಹತ್ತಿರ ಹೋದರೂ ಹೋಸ್ ತಣ್ಣಗೇ ಇದ್ದರೆ ಮುಚ್ಚಿಕೊಂಡು ಕೂತಿದೆ. ಆಗ ಎಂಜಿನ್ ತಕ್ಷಣ ಬಂದ್ ಮಾಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೂ ಈ ಪರೀಕ್ಷೆ ಮಾಡಿ. ನಮ್ಮ ಕಡೆ ಥರ್ಮೋಸ್ಟಾಟ್ ಇಲ್ಲದ ಎಷ್ಟೋ ಗಾಡಿಗಳು ಮಾಲೀಕನಿಗೂ ಗೊತ್ತಿಲ್ಲದೇ ಓಡುತ್ತಿವೆ.

ಸಾಮಾನು ತರಲು ಹೋಗುವಾಗ ಎಂಜಿನ್ ಪ್ಲೇಟಿನ ಫೋಟೋ ಹೊಡೆದುಕೊಂಡು ಹೋಗಿ. ‘1613ಕ್ಕೆ ಕೊಡಿ’ ಅಂದರೆ ಸಾಲದು, ಈ ನಂಬರಿನ ಗಾಡಿಗೆ ಟಾಟಾದ 697 ಎಂಜಿನ್ನೂ ಬಂದಿದೆ, ಕಮ್ಮಿನ್ಸೂ ಬಂದಿದೆ. ಥರ್ಮೋಸ್ಟಾಟಿನ ಮೈಮೇಲೆ ಡಿಗ್ರಿ ಕೊರೆದಿರುತ್ತದೆ, ಅಂಗಡಿಯಲ್ಲೇ ಓದಿ ನೋಡಿ. ‘ಗೋವಾಕ್ಕೆ 71ರದ್ದು ಒಳ್ಳೇದು, ತಣ್ಣಗಿರುತ್ತದೆ’ ಅಂತ ನನಗೆ ಒಬ್ಬರು ಕೊಡಲು ಬಂದಿದ್ದರು. ಬೇಡ ಅಂದೆ. ಕಂಪನಿ ಯಾವ ಡಿಗ್ರಿ ಇಟ್ಟಿದೆಯೋ ಅದೇ ಇರಲಿ. ಜೊತೆಗೆ ಗ್ಯಾಸ್ಕೆಟ್, ರಬ್ಬರ್ ಸೀಲ್, ಮೇಲಿನ ಹೋಸಿಗೆ ಎರಡು ಹೊಸ ಕ್ಲಿಪ್ಪು, ಕೂಲಂಟ್, ಡಿಸ್ಟಿಲ್ಡ್ ವಾಟರ್ ತನ್ನಿ. ಹೋಸನ್ನು ಹಿಸುಕಿ ನೋಡಿ, ಬಿರುಕು ಕಂಡರೆ ಅಥವಾ ಒಳಗೆ ಕರಕರ ಅಂದರೆ ಅದನ್ನೂ ತನ್ನಿ. ಹಳೆಯ ಹೋಸ್ ಉಳಿಸಲು ಹೋಗಿ ಘಾಟಿನ ನಡುವೆ ನೀರೆಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ.

ಹೊಸದನ್ನು ಹಾಕುವ ಮೊದಲು ಪರೀಕ್ಷೆ ಮಾಡಿ. ಹೊಸ ಡಬ್ಬಿಯಲ್ಲಿ ಬಂತು ಅಂತ ನಂಬಬೇಡಿ, ನಕಲಿ ಮಾಲು ಮಾರ್ಕೆಟಿನಲ್ಲಿ ಬೇಕಾದಷ್ಟಿದೆ. ನಾನು ಮಾಡಿದ್ದು ಹೀಗೆ: ಅಡುಗೆಗೆ ಬಳಸದ ಹಳೆಯ ಅಲ್ಯುಮಿನಿಯಂ ಪಾತ್ರೆಗೆ ನೀರು ತುಂಬಿದೆ. ಥರ್ಮೋಸ್ಟಾಟಿನ ಬಿಲ್ಲೆಯನ್ನು ಉಗುರಿನಿಂದ ತುಸು ಎತ್ತಿ ನಡುವೆ ಒಂದು ನೂಲಿನ ಎಳೆ ಸಿಗಿಸಿ ಬಿಟ್ಟೆ, ಸ್ಪ್ರಿಂಗು ನೂಲನ್ನು ಕಚ್ಚಿ ಹಿಡಿಯಿತು. ಆ ನೂಲನ್ನು ಅಡ್ಡ ಕೋಲಿಗೆ ಕಟ್ಟಿ, ಥರ್ಮೋಸ್ಟಾಟ್ ನೀರಿನಲ್ಲಿ ಮುಳುಗುವಂತೆ, ಆದರೆ ತಳಕ್ಕೆ ತಾಗದಂತೆ ತೂಗುಬಿಟ್ಟೆ. ತಳ ಮುಟ್ಟಿದರೆ ಪಾತ್ರೆಯ ಬಿಸಿ ನೇರ ತಾಗಿ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ನೂರು ಡಿಗ್ರಿ ತೋರಿಸುವ ಥರ್ಮಾಮೀಟರ್. ಜ್ವರದ್ದು ನಡೆಯುವುದಿಲ್ಲ, ಅದು 42ಕ್ಕೇ ಮುಗಿಯುತ್ತದೆ. ಒಲೆ ಸಣ್ಣಗಿಟ್ಟು ನೀರು ಕಲಕುತ್ತ ಕೂತೆ. ಅಕ್ಕನ ಮಗ ಕಣ್ಣು ಪಿಳುಕಿಸದೇ ನೋಡುತ್ತಿದ್ದ. 84 ಅಂತ ಅವನು ಓದುತ್ತಿದ್ದಂತೆ ನೂಲು ಬಿಟ್ಟುಕೊಂಡು ಥರ್ಮೋಸ್ಟಾಟ್ ‘ಟಣ್’ ಅಂತ ತಳಕ್ಕೆ ಬಿತ್ತು. ಆಮೇಲೆ ನೀರು ಕುದಿಸಿದೆವು, ಬಾಯಿ ಅಗಲ ತೆರೆದು ನಿಂತಿತು. ಹೊರಗೆ ತೆಗೆದಿಟ್ಟರೆ ಒಂದೆರಡು ನಿಮಿಷದಲ್ಲಿ ಮುಚ್ಚಿಕೊಂಡಿತು. ತೆರೆಯುವುದು, ಮುಚ್ಚುವುದು ಎರಡೂ ಆಗಬೇಕು.

ಅಮಾವಾಸ್ಯೆಗೆ ನಾನು ಹೇಗೂ ಗಾಡಿ ಹೊರಡಿಸುವುದಿಲ್ಲ, ತೊಳೆದು ಯಲ್ಲಮ್ಮನ ಫೋಟೋಕ್ಕೆ ಹೂ ಹಾಕಿ ನಿಂಬೆಹಣ್ಣು ಕಟ್ಟುವ ದಿನ. ಹಿಂದಿನ ದಿನ ಸಂಜೆ ಗಾಡಿ ತಂದು ಸಪಾಟು ಜಾಗದಲ್ಲಿ ನಿಲ್ಲಿಸಿದೆ. ಎಂಜಿನ್ ರಾತ್ರಿಯಿಡೀ ಆರಬೇಕು. ಬಿಸಿ ಎಂಜಿನ್ನಿನ ಕ್ಯಾಪು ತೆಗೆಯಲು ಹೋಗಿ ಮುಖ, ಎದೆ ಸುಟ್ಟುಕೊಂಡ ಡ್ರೈವರುಗಳನ್ನು ಕಂಡಿದ್ದೇನೆ. ಒತ್ತಡದಲ್ಲಿ ನೂರು ಡಿಗ್ರಿ ದಾಟಿದ ನೀರು ಕ್ಯಾಪು ಸಡಿಲಾದ ಕ್ಷಣವೇ ಆವಿಯಾಗಿ ಚಿಮ್ಮುತ್ತದೆ. ಎಷ್ಟೇ ಅವಸರ ಇದ್ದರೂ ಈ ಒಂದು ವಿಷಯದಲ್ಲಿ ಕಾಯಿರಿ.

ಮುಂಜಾನೆ ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಆಲ್ಟರ್ನೇಟರಿನ ದಪ್ಪ ವೈರ್ ಕೆಲಸದ ಜಾಗದ ಹತ್ತಿರವೇ ಇದೆ, ಪಾನಾ ತಾಗಿದರೆ 24 ವೋಲ್ಟಿನ ಕಿಡಿ ಹಾರುತ್ತದೆ. ನನ್ನ ಗಾಡಿಯ ಬಾನೆಟ್ಟು ಕ್ಯಾಬಿನ್ನಿನ ಒಳಗೆ, ಎರಡು ಸೀಟಿನ ನಡುವೆ. ಅದನ್ನು ಎತ್ತಿಟ್ಟರೆ ಮೇಲಿನಿಂದ ಕೈ ಹೋಗುತ್ತದೆ, ಮುಂದಿನ ಜಾಲರಿ ಬಿಚ್ಚಿದರೆ ಎದುರಿನಿಂದಲೂ ಹೋಗುತ್ತದೆ.

ರೇಡಿಯೇಟರಿನ ಕೆಳಗೆ ತೊಳೆದ ಬಕೆಟ್ ಇಟ್ಟು ಡ್ರೇನ್ ಕಾಕ್ ತೆರೆಯಿರಿ. ಪೂರ್ತಿ ಖಾಲಿ ಮಾಡಬೇಕಿಲ್ಲ, ನೀರಿನ ಮಟ್ಟ ಎಂಜಿನ್ ಹೆಡ್ಡಿಗಿಂತ ಕೆಳಗೆ ಬಂದರೆ ಸಾಕು. ನನ್ನದರಲ್ಲಿ ತುಕ್ಕಿನ ಕೆಂಪು ನೀರು ಬಂತು, ವರ್ಷವಿಡೀ ಬೋರಿನ ನೀರು ಹಾಕಿದ್ದರ ಫಲ. ಹಾಗಾಗಿ ಎಲ್ಲವನ್ನೂ ಬಿಟ್ಟುಬಿಟ್ಟೆ. ಹಳೆಯ ಕೂಲಂಟ್ ಬಗ್ಗೆ ಒಂದು ಮಾತು: ಅದು ಸಿಹಿ ಇರುತ್ತದೆ, ವಿಷವೂ ಹೌದು. ನಾಯಿ ನೆಕ್ಕಿದರೆ ಸಾಯುತ್ತದೆ, ಮಕ್ಕಳಿಗೂ ಅಷ್ಟೇ ಅಪಾಯ. ಬಕೆಟ್ಟಿಗೆ ಕೂಡಲೇ ಮುಚ್ಚಳ ಹಾಕಿ, ಡಬ್ಬಿಗೆ ತುಂಬಿ ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಗಟಾರಕ್ಕೆ ಸುರಿಯಬೇಡಿ, ಬಾವಿ ನೀರು ಕುಡಿಯುವ ಮನೆಗಳು ಗೋವಾದಲ್ಲಿ ಇನ್ನೂ ಬಹಳ ಇವೆ.

ಮೇಲಿನ ಹೋಸಿನ ಕ್ಲಿಪ್ಪು ಸಡಿಲಿಸಿ, ಹೋಸನ್ನು ಎಳೆಯದೇ ಮೊದಲು ತಿರುವಿ. ವರ್ಷಗಟ್ಟಲೆ ಅಂಟಿದ್ದು ತಿರುವಿದರೆ ಬಿಡುತ್ತದೆ, ಎಳೆದರೆ ಪೈಪಿನ ತುಟಿ ಮುರಿಯುತ್ತದೆ. ಆ ಹೋಸ್ ಎಂಜಿನ್ ಕಡೆ ಎಲ್ಲಿ ಸೇರುತ್ತದೋ ಆ ಎರಕದ ಮೊಣಕೈಯೇ ಥರ್ಮೋಸ್ಟಾಟ್ ಹೌಸಿಂಗ್. ನನ್ನ ಎಂಜಿನ್ನಿನಲ್ಲಿ ಅದರ ಬೋಲ್ಟುಗಳೇ ಎಂಜಿನ್ ಎತ್ತುವ ಕೊಂಡಿಯನ್ನೂ ಆಲ್ಟರ್ನೇಟರಿನ ಬ್ರಾಕೆಟ್ಟನ್ನೂ ಹಿಡಿದುಕೊಂಡಿವೆ. ಹಾಗಾಗಿ ಮೊದಲು ಟೆನ್ಷನರ್ ಎಳೆದು ಬೆಲ್ಟ್ ಇಳಿಸಬೇಕು, ಆಲ್ಟರ್ನೇಟರಿನ ಮೇಲಿನ ಬೋಲ್ಟ್ ತೆಗೆದು ಕೆಳಗಿನದನ್ನು ಸಡಿಲಿಸಿ ಅದನ್ನು ಬದಿಗೆ ವಾಲಿಸಬೇಕು. ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಸುತ್ತಿದೆ ಅಂತ ಇಳಿಸುವ ಮೊದಲೇ ಫೋಟೋ ತೆಗೆಯಿರಿ.

ಬೋಲ್ಟುಗಳ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ಬಿಚ್ಚಿದ ಹಾಗೆ ಆಯಾ ಜಾಗದಲ್ಲೇ ಬೋಲ್ಟನ್ನು ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ತಳಕ್ಕೆ ಮುಟ್ಟಿ ನಿಲ್ಲುತ್ತದೆ, ಹೊರಗೆ ಬಿಗಿ ಆದಂತೆ ಕಾಣುತ್ತದೆ, ನೀರು ಸೋರುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ನನ್ನ ಒಂದು ಬೋಲ್ಟ್ ಜಪ್ಪಯ್ಯ ಅನ್ನಲಿಲ್ಲ. ‘ಪೈಪ್ ಹಾಕಿ ಎಳೆಯೂಣೇನು ಮಾಮಾ?’ ಅಂದ ಹುಡುಗ. ಬೇಡ ಅಂದೆ. ಹೆಡ್ಡಿನೊಳಗೆ ಬೋಲ್ಟ್ ಮುರಿದರೆ ಅರ್ಧ ದಿನದ ಕೆಲಸ ಮೂರು ದಿನದ್ದಾಗುತ್ತದೆ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರಾಗಿ ನಾಲ್ಕು ಸಲ ತಟ್ಟಿ, ತುಸು ಬಿಗಿಯುವ ಕಡೆ, ತುಸು ಬಿಚ್ಚುವ ಕಡೆ, ಹೀಗೆ ಅಲ್ಲಾಡಿಸುತ್ತ ಅಲ್ಲಾಡಿಸುತ್ತ ಹತ್ತು ನಿಮಿಷಕ್ಕೆ ಬಿಟ್ಟಿತು.

ಹೌಸಿಂಗ್ ಎತ್ತಿದ ಮೇಲೆ ಥರ್ಮೋಸ್ಟಾಟ್ ಕಾಣುತ್ತದೆ. ನನ್ನದು ಖಾಲಿ ಗೂಡು. ನಿಮ್ಮದರಲ್ಲಿ ಇದ್ದರೆ, ತೆಗೆಯುವ ಮೊದಲು ಯಾವ ಮುಖ ಎತ್ತ ಇದೆ ಅಂತ ನೋಡಿ, ಫೋಟೋ ತೆಗೆಯಿರಿ. ಆಮೇಲೆ ಗೂಡಿನ ಬಾಯಿಗೆ ತೊಳೆದ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ ಕೆರೆಯಿರಿ. ಈ ಕೆರೆಯುವ ಕೆಲಸಕ್ಕೇ ನಾನು ಮುಕ್ಕಾಲು ತಾಸು ಕೊಟ್ಟೆ, ಕೊಡಬೇಕಾದದ್ದೇ. ಎರಡೂ ಮುಖ ಬೆರಳಿಗೆ ನುಣ್ಣಗೆ ಹತ್ತಬೇಕು. ಚೂಪಾದ ಉಳಿ ಬೇಡ, ಒಂದು ಗೀರು ಬಿದ್ದರೂ ಅಲ್ಲಿಂದಲೇ ಹನಿ ಶುರು. ಹಳೆಯ ಚೂರು ಒಳಗೆ ಬಿದ್ದರೆ ನೇರ ಹೋಗಿ ರೇಡಿಯೇಟರಿನ ಸಣ್ಣ ಕೊಳವೆಯಲ್ಲಿ ಕೂರುತ್ತದೆ. ಅನಾಬಾಂಡ್ (ಸೋರಿಕೆ ತಡೆಯುವ ಪೇಸ್ಟು) ಹಚ್ಚುವವರಿಗೂ ಇದೇ ಮಾತು: ಗ್ಯಾಸ್ಕೆಟ್ ಒಳ್ಳೆಯದಿದ್ದು ಮುಖ ನುಣುಪಿದ್ದರೆ ಅದು ಬೇಕಿಲ್ಲ. ಮುದ್ದೆ ಮುದ್ದೆ ಹಚ್ಚಿದರೆ ಒಳಗೆ ಉಕ್ಕಿದ ಪೇಸ್ಟು ಒಣಗಿ ಕಿತ್ತು ನೀರಿನ ಜೊತೆ ಸುತ್ತುತ್ತದೆ.

ಹೊಸದನ್ನು ಕೂರಿಸುವಾಗ ಮೇಣದ ಬಟ್ಟಲು, ಸ್ಪ್ರಿಂಗು ಇರುವ ಕಡೆ ಎಂಜಿನ್ನಿನ ಒಳಕ್ಕೆ. ಬಿಸಿನೀರು ಆ ಬಟ್ಟಲಿಗೇ ತಾಗಬೇಕು. ತಿರುವುಮುರುವು ಹಾಕಿದರೆ ಬಟ್ಟಲು ರೇಡಿಯೇಟರ್ ಕಡೆಯ ತಣ್ಣೀರಿನಲ್ಲಿ ಕೂರುತ್ತದೆ, ಎಂಜಿನ್ ಕುದಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ತೂತು ಇದ್ದರೆ ಅದು ಮೇಲಿನ ಕಡೆಗೆ ಬರಲಿ. ಥರ್ಮೋಸ್ಟಾಟ್ ತನ್ನ ಗೂಡಿನಲ್ಲಿ ಸರಿಯಾಗಿ ಕೂತು, ಬೆರಳಿಂದ ತಳ್ಳಿದರೆ ಅಲ್ಲಾಡಬಾರದು. ಓರೆ ಕೂತಿದ್ದರ ಮೇಲೆ ಹೌಸಿಂಗ್ ಬಿಗಿದರೆ ಹೌಸಿಂಗಿನ ಕಿವಿಯೇ ಸೀಳುತ್ತದೆ.

ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ಹತ್ತಿಸಿ. ಆಮೇಲೆ ಒಂದಾದ ಮೇಲೆ ಒಂದನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಈ ಎಂಜಿನ್ನಿಗೆ 24 ನ್ಯೂಟನ್ ಮೀಟರ್, ಹಳೆಯ ಟಾರ್ಕ್ ಪಾನಾದ ಲೆಕ್ಕದಲ್ಲಿ ಎರಡೂವರೆ ಕೆಜಿ-ಮೀಟರಿನ ಹತ್ತಿರ. ಅಂದರೆ ಗಿಡ್ಡ ಪಾನಾ ಹಿಡಿದು ಮಣಿಕಟ್ಟಿನ ಬಲದಿಂದ ಬಿಗಿದಷ್ಟು. ಭುಜದ ಬಲ ಹಾಕಬೇಡಿ. ಹೋಸ್, ಹೊಸ ಕ್ಲಿಪ್ಪು, ಆಲ್ಟರ್ನೇಟರ್, ಬೆಲ್ಟ್ ಎಲ್ಲ ಬಿಚ್ಚಿದ ಹಾಗೆಯೇ ತಿರುಗಿ.

ನೀರು ತುಂಬುವುದರಲ್ಲಿ ಅವಸರ ಮಾಡುವವರೇ ಹೆಚ್ಚು, ಕೆಲಸ ಕೆಡುವುದೂ ಅಲ್ಲೇ. ಜುವಾರಿನಗರದಲ್ಲಿ ನಳದ ನೀರು ಬರುವುದೇ ಕಷ್ಟ, ಟ್ಯಾಂಕರ್ ನೀರು ಕೈಗೆ ಸಿಗುತ್ತದೆ ಅಂತ ಅದನ್ನೇ ಸುರಿಯುತ್ತಾರೆ. ನಾನೂ ಸುರಿಯುತ್ತಿದ್ದೆ. ಗಡಸು ನೀರಿನ ಸುಣ್ಣ ಒಳಗೆ ಪದರ ಕಟ್ಟಿದರೆ ಬಿಸಿ ಹೊರಗೆ ಬರುವುದಿಲ್ಲ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ಕೂಲಂಟ್ ಚಳಿಗೆ ಮಾತ್ರ ಅಂದುಕೊಳ್ಳಬೇಡಿ, ನೀರು ಕುದಿಯುವ ಮಟ್ಟವನ್ನು ಅದು ಮೇಲಕ್ಕೇರಿಸುತ್ತದೆ, ತುಕ್ಕು ತಡೆಯುತ್ತದೆ, ಪಂಪಿನ ಸೀಲ್ ಕಾಯುತ್ತದೆ. ಡಬ್ಬಿಯ ಮೇಲೆ ಮೊದಲೇ ನೀರು ಬೆರೆಸಿದ್ದು ಅಂತ ಬರೆದಿದ್ದರೆ ಮತ್ತೆ ನೀರು ಸೇರಿಸಬೇಡಿ. ಬೇರೆ ಬೇರೆ ಜಾತಿಯ ಕೂಲಂಟ್ ಕೂಡಿಸಬೇಡಿ.

ಸಣ್ಣ ಧಾರೆಯಲ್ಲಿ ಹೊಯ್ಯುತ್ತ, ನಡುನಡುವೆ ಮೇಲಿನ ಹೋಸನ್ನು ಹಿಸುಕಿ ಬಿಡಿ. ಗುಳುಗುಳು ಅಂತ ಗಾಳಿ ಮೇಲೆ ಬರುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಕಾಕ್ ಇದ್ದರೆ ತುಂಬುವಾಗ ತೆರೆದಿಟ್ಟು, ನೀರು ಬಂದ ಮೇಲೆ ಮುಚ್ಚಿ. ಬ್ಯಾಟರಿ ವೈರ್ ಹಾಕಿ, ಕ್ಯಾಪು ತೆರೆದೇ ಇಟ್ಟು ಸ್ಟಾರ್ಟ್ ಮಾಡಿ ಮೆಲ್ಲಗೆ ಓಡಲು ಬಿಡಿ. ಮಟ್ಟ ಇಳಿದಂತೆ ತುಂಬುತ್ತಿರಿ, ಮುಖವನ್ನು ಬಾಯಿಯ ಮೇಲೆ ತರಬೇಡಿ. ಗುಳ್ಳೆ ನಿಂತ ಮೇಲೆ ಕ್ಯಾಪು ಹಾಕಿ, ಎಂಜಿನ್ನಿನ ವೇಗ ತುಸು ಏರಿಸಿಟ್ಟು ಹೋಸಿನ ಮೇಲೆ ಕೈಯಿಟ್ಟು ಕಾಯಿರಿ. ಒಳಗೆ ಗಾಳಿಯ ಗುಳ್ಳೆ ಉಳಿದರೆ ಮೇಣದ ಬಟ್ಟಲಿಗೆ ನೀರು ತಾಗದೇ ಹೊಸ ಥರ್ಮೋಸ್ಟಾಟೂ ತೆರೆಯುವುದಿಲ್ಲ. ‘ಹೊಸದೂ ಕೆಟ್ಟದ್ದೇ ಬಂತು’ ಅಂತ ಮತ್ತೆ ಕಿತ್ತು ಬಿಸಾಡುವವರು ಹೆಚ್ಚಾಗಿ ಈ ಗಾಳಿಗೇ ಮೋಸ ಹೋದವರು.

ನಮ್ಮದರಲ್ಲಿ ಬಹಳ ಹೊತ್ತು ಹೋಸ್ ತಣ್ಣಗಿತ್ತು. ಮುಳ್ಳು ನಡುವಿಗೆ ಬಂತು, ಹೋಸ್ ಇನ್ನೂ ತಣ್ಣಗೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಕೈಯಡಿಯಲ್ಲಿ ಹೋಸ್ ಒಮ್ಮೆ ಮಿಸುಕಿದಂತಾಗಿ ಸುಡತೊಡಗಿತು. ‘ಬಾಯಿ ಬಿಡ್ತು ಮಾಮಾ!’ ಅಂತ ಹುಡುಗ ಕೂಗಿದ್ದಕ್ಕೆ ನಮ್ಮನೆಯಾಕೆ ಒಳಗಿನಿಂದ ಓಡಿ ಬಂದಳು.

ಇದೆಲ್ಲ ನನ್ನಂಥ ಹಳೆಯ ಗಾಡಿಗೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿ ಇದ್ದವರು ಮನೆಯಲ್ಲಿ ಕೈ ಹಾಕುವ ಮೊದಲು ಯೋಚಿಸಿ. ಅದರಲ್ಲಿ ಹೊಗೆಯನ್ನು ತಂಪು ಮಾಡುವ ಕೂಲರಿಗೂ ಇದೇ ನೀರು ಹೋಗುತ್ತದೆ, ಎಂಜಿನ್ನಿನ ಬಿಸಿ ಅಳೆದು ಡೀಸೆಲ್ ಲೆಕ್ಕ ಹಾಕುವುದು ಕಂಪ್ಯೂಟರ್. ವಾರಂಟಿ ಇದ್ದರಂತೂ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಮರುದಿನ ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಕ್ಯಾಪು ತೆಗೆದು ನೋಡಿದರೆ ನೀರು ಮುಕ್ಕಾಲು ಲೀಟರಿನಷ್ಟು ಇಳಿದಿತ್ತು, ಉಳಿದಿದ್ದ ಗಾಳಿ ಹೊರಬಿದ್ದಿದೆ ಅಂತ ಅರ್ಥ. ತುಂಬಿಸಿದೆ. ಗೊಬ್ಬರ ಹೇರಿಕೊಂಡು ಘಾಟಿಗೆ ಬಂದೆ. ಮುಳ್ಳು ಏರಿನಲ್ಲಿ ನಡುವಿಗಿಂತ ಎರಡು ಗೆರೆ ಮೇಲೆ ಹೋಗಿ ಅಲ್ಲೇ ನಿಂತಿತು, ದೂಧಸಾಗರ ದೇವಸ್ಥಾನದ ತಿರುವಿನಲ್ಲೂ ಅಲುಗಲಿಲ್ಲ. ಅನಮೋಡ ಮುಟ್ಟಿದ ಮೇಲೆ ಸಪಾಟಿನಲ್ಲಿ ನಡುವಿಗೆ ಇಳಿಯಿತು, ಆದರೆ ಮೊದಲಿನಂತೆ ತಳಕ್ಕೆ ಬೀಳಲಿಲ್ಲ. ರಾಮನಗರದಲ್ಲಿ ನಿಲ್ಲಿಸಿ ಹೌಸಿಂಗಿನ ಸುತ್ತ ಬೆರಳಾಡಿಸಿದೆ, ಒಣಗಿತ್ತು. ವಾಪಸ್ ಬಂದ ಮೇಲೆ ಎರಡೂ ಕ್ಲಿಪ್ಪು ಮತ್ತೊಮ್ಮೆ ಬಿಗಿದೆ, ಹೊಸ ಕ್ಲಿಪ್ಪು ಮೊದಲ ಸಲ ಬಿಸಿಯಾಗಿ ಆರಿದ ಮೇಲೆ ಅರ್ಧ ಸುತ್ತು ಸಡಿಲಾಗಿರುತ್ತದೆ. ಡೀಸೆಲ್ ಬೆರೆತಿದ್ದ ಆಯಿಲ್ಲನ್ನೂ ಫಿಲ್ಟರನ್ನೂ ಅದೇ ವಾರ ಬದಲಿಸಿದೆ, ನೀವೂ ಥರ್ಮೋಸ್ಟಾಟ್ ಇಲ್ಲದೇ ಓಡಿಸಿದವರಾದರೆ ಅದನ್ನು ಮುಂದೆ ಹಾಕಬೇಡಿ.